ಎರಡು ಕೊಡ ತುಂಗೆ

"ತುಂಗೆ ಕೊನೆಗೆ ಸಮುದ್ರಕ್ಕೇ ಹೋಗದು ಅಲ್ದಾ?"

ಮಂಗಳವಾರ ಸಂಜೆ ಅಮ್ಮ ಕೇಳಿದ್ದು ಇಷ್ಟೇ. ಕೈಯಲ್ಲಿ ಖಾಲಿ ತಾಮ್ರದ ಕೊಡ ಇತ್ತು. ನಾನು ಆಗ ತಾನೇ ಬೆಂಗಳೂರಿನ ಬಸ್ಸಿಳಿದು ಶಿವಮೊಗ್ಗದ ವಿನೋಬನಗರದ ಮನೆಗೆ ಬಂದಿದ್ದೆ. ಬಾಗಿಲಲ್ಲಿಟ್ಟ ಕೊಡೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಹಾಲ್‌ನಲ್ಲಿ ನಾನು ಕಡಲಿನ ಜೀವಿಗಳನ್ನು ಸಾಕುವ ನಾಲ್ಕಡಿಯ ಉಪ್ಪುನೀರಿನ ಟ್ಯಾಂಕ್ ಅಂಚಿನ ತನಕ ತುಂಬಿ ತುಳುಕುತ್ತಿತ್ತು. ಒಳಗಿನ ಹವಳಗಳೆಲ್ಲ ಮುದುಡಿ ಕೂತಿದ್ದವು.

ಮೂರು ದಿನ ನಾನಿರಲಿಲ್ಲ. ಟ್ಯಾಂಕ್ ನೀರು ಒಂದು ಬೆರಳಷ್ಟು ಇಳಿದಿತ್ತಂತೆ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಜೀವನ ಕಳೆದವಳಿಗೆ ಇಳಿದ ನೀರು ನೋಡಿಕೊಂಡು ಸುಮ್ನೆ ಕೂರಲು ಆಗುವುದಿಲ್ಲ. ಹಿಂದಿನ ರಾತ್ರಿ ನಲ್ಲಿಯಲ್ಲಿ ಹಿಡಿದಿಟ್ಟಿದ್ದ ಎರಡು ಕೊಡ ತುಂಗೆ ನೀರನ್ನು ತಂದು ಸುರಿದಿದ್ದಳು. ಒಂದೊಂದು ಕೊಡ ಹತ್ತು ಲೀಟರ್.

"ತಾಮ್ರದ ಕೊಡದಲ್ಲಾ? ತಾಮ್ರ ಅಂದ್ರೆ ಇವಕ್ಕೆ ವಿಷ ಗೊತ್ತಾ ನಿಂಗೆ?" ಎಂದು ಕೂಗಿದೆ. ಪಕ್ಕದ ಮನೆಯವರು ಟಿವಿ ಸಣ್ಣ ಮಾಡಿದ್ದು ಕೇಳಿಸಿತು.

ಆಗ ಅವಳು ಆ ಮಾತು ಕೇಳಿದಳು. ಜಗಳದ ದನಿಯಲ್ಲಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ.

ತಾಮ್ರ ವಿಷ ಹೌದು. ಸೀಗಡಿ, ಬಸವನಹುಳು, ಹವಳ, ಬೆನ್ನೆಲುಬಿಲ್ಲದ ಇಂಥ ಪ್ರಾಣಿಗಳಿಗೆ ಅದು ಆಗಿಬರುವುದಿಲ್ಲ. ಮೀನು ಸ್ವಲ್ಪ ತಡೆಯುತ್ತದೆ. ಅದಕ್ಕೇ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಬೇರೆ ತೊಟ್ಟಿಗೆ ಹಾಕಿ ತಾಮ್ರದ ಔಷಧಿ ಕೊಡುತ್ತೇವೆ. ಇದನ್ನೆಲ್ಲ ಅಮ್ಮನಿಗೆ ಉಪನ್ಯಾಸದಂತೆ ಹೇಳಿದೆ. ಹೇಳುವಾಗ ಒಂದು ವಿಷಯ ಮರೆತೇಬಿಟ್ಟಿದ್ದೆ. ನಮ್ಮನೆಯಲ್ಲಿ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಎನ್ನುವ ತಾಮ್ರದ ಔಷಧಿ ಹೊಡೆಸುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಪ್ಪ ಕತ್ತಿಯ ತುದಿ ಅದ್ದಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ, ಇನ್ನಷ್ಟು ಸುಣ್ಣ ಬೇಕು ಅಂತ. ಅಂಗಿಯ ಮೇಲಿನ ಆ ನೀಲಿ ಕಲೆಗಳನ್ನು ಒಗೆದಿದ್ದು ಇದೇ ಅಮ್ಮ. ಕೊಳೆರೋಗದ ಬೂಷ್ಟು ಯಾವುದರಿಂದ ಸಾಯುತ್ತದೆ ಎಂದು ಅವಳಿಗೆ ನಾನು ಹುಟ್ಟುವ ಮೊದಲೇ ಗೊತ್ತಿತ್ತು. ಅವಳಿಗೆ ನಾನು ತಾಮ್ರದ ಪಾಠ ಮಾಡಿದೆ.

ಸಿಟ್ಟಲ್ಲೇ ತಾಮ್ರದ ಟೆಸ್ಟ್ ಕಿಟ್ ತೆಗೆದೆ. ಹನಿ ಹಾಕಿ, ಅಲ್ಲಾಡಿಸಿ, ಕಾದು ನೋಡಿದೆ. ಬಣ್ಣ ಬರಲಿಲ್ಲ. ಇನ್ನೊಂದು ಸಲ ಮಾಡಿದೆ. ಆಗಲೂ ಬರಲಿಲ್ಲ. ಒಂದು ರಾತ್ರಿ ಕೊಡದಲ್ಲಿದ್ದ ಇಪ್ಪತ್ತು ಲೀಟರ್ ನೀರು, ಇನ್ನೂರು ಲೀಟರ್ ಟ್ಯಾಂಕಿಗೆ ನನ್ನ ಕಿಟ್‌ಗೆ ಕಾಣುವಷ್ಟು ತಾಮ್ರವನ್ನೇನೂ ತಂದಿರಲಿಲ್ಲ.

ಆಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದೆ. ಸಮುದ್ರದ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. ನನ್ನದು 33ಕ್ಕೆ ಇಳಿದಿತ್ತು. ಹವಳದ ಮೈಯೊಳಗಿನ ಉಪ್ಪೂ ಹೊರಗಿನ ನೀರಿನಷ್ಟೇ ಇರುತ್ತದೆ. ಹೊರಗೆ ಸಿಹಿನೀರು ಹೆಚ್ಚಾದರೆ ಅದು ಒಳಗೆ ನುಗ್ಗುತ್ತದೆ. ತಪ್ಪಿಸಿಕೊಂಡು ಹೋಗಲು ಅದಕ್ಕೆ ಕಾಲಿಲ್ಲ. ಮುದುಡಿಕೊಳ್ಳುತ್ತದೆ. ಜೊತೆಗೆ ಆಷಾಢದ ನಲ್ಲಿ ನೀರು, ಅದರ ಕ್ಲೋರಿನ್ ಬೇರೆ.

ನಿಜ ಹೇಳಬೇಕೆಂದರೆ ಅಮ್ಮ ಮಾಡಿದ ಕೆಲಸ ಅರ್ಧ ಸರಿ. ಟ್ಯಾಂಕಿನಿಂದ ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಹೊಸದಾಗಿ ಈ ಹುಚ್ಚು ಹಿಡಿದವರೆಲ್ಲ ಇಲ್ಲೇ ಎಡವುತ್ತಾರೆ. ಉಪ್ಪುನೀರು ಹಾಕಿ ಹಾಕಿ ಟ್ಯಾಂಕನ್ನು ಉಪ್ಪಿನಕಾಯಿ ಭರಣಿ ಮಾಡುತ್ತಾರೆ. ನಾನೂ ಮಾಡಿದ್ದೆ. ಅಮ್ಮ ಯಾರೂ ಹೇಳಿಕೊಡದೆ ಸರಿಯಾದ ನೀರಿಗೇ ಕೈ ಹಾಕಿದ್ದಳು. ಎಂಟು ಲೀಟರಿಗೆ ನಿಲ್ಲಿಸಬೇಕಿತ್ತು, ಇಪ್ಪತ್ತು ಹೊಯ್ದಳು. ಶುದ್ಧ ಮಾಡಿದ ನೀರಿನ ಕ್ಯಾನ್ ಸ್ಟ್ಯಾಂಡ್ ಕೆಳಗೇ ಇತ್ತು. ಅದನ್ನು ತೋರಿಸಿ ಹೋಗಬೇಕಿದ್ದವನು ನಾನು. ತೋರಿಸಿರಲಿಲ್ಲ.

ಆ ನೀರನ್ನು ಕಂಡರೆ ಅಮ್ಮನಿಗೆ ಆಗುವುದಿಲ್ಲ, ಅದು ಬೇರೆ ಮಾತು. ಬಂದ ದಿನವೇ ಒಂದು ಗುಟುಕು ಕುಡಿದು "ಸತ್ತ ನೀರು" ಅಂದಿದ್ದಳು. ತುಂಗಾ ಪಾನ, ಗಂಗಾ ಸ್ನಾನ ಎನ್ನುವ ಊರಲ್ಲಿ ನಾನು ಮಾಡುತ್ತಿರುವುದು ಏನು ನೋಡಿ. ತುಂಗೆಯ ನೀರನ್ನು ಆರ್‌ಓ ಯಂತ್ರಕ್ಕೆ ಹಾಕಿ, ಮೀಟರ್ ಸೊನ್ನೆ ತೋರಿಸುವ ತನಕ ರುಚಿಯನ್ನೆಲ್ಲ ಹಿಂಡುತ್ತೇನೆ. ಒಂದು ಲೀಟರ್ ಸಿಗಲು ಮೂರು ಲೀಟರ್ ಮೋರಿಗೆ ಹೋಗುತ್ತಿತ್ತು. ಈಗ ಅಮ್ಮ ಅದನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆ ತೊಳೆಯುತ್ತಾಳೆ. ಆಮೇಲೆ ಆ ಸತ್ತ ನೀರಿಗೆ ಎಲ್ಲಿಂದಲೋ ಡಬ್ಬದಲ್ಲಿ ಬಂದ ಉಪ್ಪು ಕಲಸುತ್ತೇನೆ. ಭಾವ ಇದನ್ನು ಪ್ರತಿ ಮದುವೆ ಮನೆಯಲ್ಲೂ ಹೇಳಿ ನಗುತ್ತಾನೆ. "ಆಗುಂಬೆ ಘಾಟಿ ಇಳಿದರೆ ಸಮುದ್ರ. ಎರಡು ಕ್ಯಾನ್ ತುಂಬಿಸ್ಕೊಂಡು ಬಾ ಮಾರಾಯ." ಭಾವನಿಗೆ ಎಲ್ಲಕ್ಕೂ ಒಂದು ಕ್ಯಾನ್ ಪರಿಹಾರ ಇರುತ್ತದೆ. ಮಳೆಗಾಲದಲ್ಲಿ ಆ ದಡದ ನೀರು ಚಹಾ ಬಣ್ಣಕ್ಕಿರುತ್ತದೆ ಎಂದರೆ ಅವನ ಕಿವಿಗೆ ಹೋಗುವುದಿಲ್ಲ.

ಹವಳ ಅಂದರೆ ಅಮ್ಮನಿಗೆ ಕರಿಮಣಿ ಸರದಲ್ಲಿರುವ ಕೆಂಪು ಮಣಿ. ನನ್ನ ಟ್ಯಾಂಕಲ್ಲಿರುವುದು ಮೆತ್ತನೆಯ ಜಾತಿಯವು. ಗಟ್ಟಿ ಹವಳಕ್ಕೆ ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಸಾಕುವಂತಿಲ್ಲ. ಇದು ಗೊತ್ತಿದ್ದೂ "ಬೇಕಾ ಸಾರ್" ಎಂದು ಪಿಸುಗುಟ್ಟಿದ ಅಂಗಡಿಯವನೊಬ್ಬನಿದ್ದಾನೆ. ಅವತ್ತಿನಿಂದ ಅವನ ಹತ್ತಿರ ಉಪ್ಪನ್ನೂ ಕೊಂಡಿಲ್ಲ. ನನ್ನವುಗಳಲ್ಲಿ ಅಮ್ಮನಿಗೆ ಇಷ್ಟವಾಗಿದ್ದು ಝೀನಿಯಾ ಎನ್ನುವ ಹವಳ ಒಂದೇ. ಪುಟ್ಟ ಪುಟ್ಟ ಕೈಗಳು ಇಡೀ ದಿನ ಮುಷ್ಟಿ ಬಿಚ್ಚಿ ಮುಚ್ಚುತ್ತಿರುತ್ತವೆ. "ಕೂಸು ತೊಟ್ಟಿಲಲ್ಲಿ ಮಾಡ್ದಂಗೆ" ಎನ್ನುತ್ತಿದ್ದಳು. ಮಂಗಳವಾರ ಆ ಕೈಗಳು ನಿಂತಿದ್ದವು.

ಉಪ್ಪು ಇಳಿಯಲು ಹತ್ತು ನಿಮಿಷ ಸಾಕು, ಏರಿಸಲು ಎರಡು ದಿನ ಬೇಕು. ಗಡಿಬಿಡಿ ಮಾಡಿದರೆ ಅದೂ ಇನ್ನೊಂದು ಹೊಡೆತ. ಸ್ವಲ್ಪ ಸ್ವಲ್ಪ ನೀರು ತೆಗೆದು, ಸ್ವಲ್ಪ ಸ್ವಲ್ಪ ಉಪ್ಪುನೀರು ಹಾಕಿದೆ. ನೀರು ಸೋಸುವ ಇದ್ದಿಲ ಚೀಲ ಹೊಸದು ಇಟ್ಟೆ. ಬುಧವಾರ ಬೆಳಗ್ಗೆ ಅಡುಗೆಮನೆ ತನಕ ಅಮ್ಮನ ಅಳು ಕೇಳಿತು. ಸೀಗಡಿ ಸತ್ತಿದೆ, ನನ್ನಿಂದಲೇ ಆಯಿತು ಅಂತ. ಹೋಗಿ ನೋಡಿದರೆ ಅದು ಪೊರೆ. ಸೀಗಡಿ ಚಿಪ್ಪು ಕಳಚಿಟ್ಟು ಕಲ್ಲಿನ ಹಿಂದೆ ಅಡಗಿತ್ತು. ನೀರು ಬದಲಾದಾಗ ಇವು ಹೀಗೆ ಮಾಡುವುದುಂಟು. ಅವಳು ಕಣ್ಣೊರೆಸಿಕೊಂಡು "ಹಾವಿನ ಬುದ್ಧಿ" ಎಂದು ಸೀಗಡಿಗೇ ಬೈದಳು.

ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತುಂಗೆ ಸಮುದ್ರಕ್ಕೇ ಹೋಗುವುದಲ್ವಾ? ಹೋಗುತ್ತಾಳೆ. ಆದರೆ ಪಕ್ಕದಲ್ಲೇ ಇರುವ ಪಡುವಣ ಕಡಲಿಗಲ್ಲ. ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯನ್ನು ಸೇರಿ, ನಾಡೆಲ್ಲ ದಾಟಿ ಬಂಗಾಳ ಕೊಲ್ಲಿಗೆ. ಆಗುಂಬೆಯಲ್ಲಿ ನಿಂತರೆ ಸೂರ್ಯ ಮುಳುಗುವ ಕಡಲು ಕಾಣುತ್ತದೆ, ನಮ್ಮ ಹೊಳೆ ಅದಕ್ಕೆ ಬೆನ್ನು ಹಾಕಿ ಹೊರಡುತ್ತದೆ. ಹಾಗೆ ದೊಡ್ಡ ನದಿಗಳು ಕಡಲು ಸೇರುವ ಬಾಯಲ್ಲಿ ಹವಳದ ದಿಬ್ಬ ಬೆಳೆಯುವುದಿಲ್ಲ. ಸಿಹಿನೀರು, ಕೆಸರು, ಗದ್ದೆ ತೋಟದ ಗೊಬ್ಬರ ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು, ದಡದ ಕೆಸರಿನಿಂದ ದೂರ.

ಗುರುವಾರ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಕ್ಷಮೆ ಕೇಳುವ ಬದಲು ಭೂಗೋಳ ಹೇಳುವುದು ನಮ್ಮ ಮನೆಯ ಗಂಡಸರ ಚಾಳಿ. ಅಪ್ಪನೂ ಹೀಗೇ ಇದ್ದರು. ಅಮ್ಮ ಕಳಲೆ ಪಲ್ಯ ಬಡಿಸುತ್ತಾ ಕೇಳಿಸಿಕೊಂಡಳು.

"ಅಂದ್ರೆ ಹೊಳೆ ಹೋದಲ್ಲಿ ಅವೂ ಬದುಕಲ್ಲ."

"ಇಲ್ಲ."

"ಮತ್ತೆ ಹೊಳೆ ಪಕ್ಕದ ಊರಿಗೆ ಎಂತಕ್ಕೆ ತಂದೆ?"

ಪಲ್ಯ ಇನ್ನೊಂದು ಸ್ವಲ್ಪ ಹಾಕಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಝೀನಿಯಾದ ಒಂದು ಕೈ ಬಿಚ್ಚಿತು. ಸಂಜೆಗೆ ನಾಲ್ಕೈದು. ಅಮ್ಮ ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತಿದ್ದಳು. ನಿನ್ನೆ ಬೆಳಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದಳು. ತಾಮ್ರದ ಕೊಡಗಳನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಟ್ಯಾಂಕಿನಿಂದ ಆದಷ್ಟು ದೂರ, ಬಚ್ಚಲಿನ ಮೂಲೆಯಲ್ಲಿ ಬೋರಲು ಹಾಕಿ ಹೋಗಿದ್ದಾಳೆ.

ರಾತ್ರಿ ದೀಪ ಆರಿಸುವಾಗ ನೋಡಿದೆ. ಟ್ಯಾಂಕಿನ ಹೊರಗಾಜಿನ ಮೇಲೆ ಒಂದು ಕುಂಕುಮದ ಗೆರೆ. ನೀರು ಇಲ್ಲಿಯ ತನಕ ಅಂತ ಗುರುತು. ಗೆರೆ ಸರಿಯಾದ ಮಟ್ಟಕ್ಕಿಂತ ಅರ್ಧ ಬೆರಳು ಮೇಲಿದೆ. ಅರ್ಧ ಬೆರಳು ಅಂದರೆ ಎಷ್ಟು ನೀರು ಎಂದು ಲೆಕ್ಕ ಹಾಕಿದೆ. ನಾಲ್ಕು ಲೀಟರ್.