ಹಬ್ಬ ಮುಗಿಯುವ ತನಕ ಬಾರದ ನೋವು

17 ಆಗಸ್ಟ್ 2024, ಶನಿವಾರ ರಾತ್ರಿ

ದೊಡ್ಡಮ್ಮನ ಬಲಗೈಗೆ ಪಿಒಪಿ ಹಾಕಿಸಿಕೊಂಡು ಬಂದೆವು. ಮಣಿಕಟ್ಟಿನ ಮೂಳೆ ಮುರಿದಿದೆ. ಆರು ವಾರವಂತೆ.

ಬಿದ್ದದ್ದು ನಿನ್ನೆ ಬೆಳಗಿನ ಐದೂವರೆಗೆ, ಅಂಗಳಕ್ಕೆ ನೀರು ಹಾಕುವಾಗ. ಆಮೇಲೆ ಅದೇ ಕೈಯಲ್ಲಿ ಕಳಶಕ್ಕೆ ಸೀರೆ ಉಡಿಸಿದ್ದಾಳೆ, ಸಂಜೆ ಬೀದಿಯ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಟ್ಟಿದ್ದಾಳೆ. ಒಬ್ಬಟ್ಟನ್ನು ಮಾತ್ರ "ನೀನೇ ತಟ್ಟೇ" ಎಂದು ನನಗೆ ಬಿಟ್ಟಳು. ಅಂತೂ ನನ್ನ ಕೈ ಒಪ್ಪಿಗೆಯಾಯಿತು ಅಂತ ಉಬ್ಬಿಹೋದೆ. ಫಾರ್ಮಸಿ ಹುಡುಗರಿಗೆ ವರ್ಷಗಟ್ಟಲೆ ನೋವಿನ ಔಷಧಿ ಪಾಠ ಹೇಳಿದವಳು ನಾನು!

ರಾತ್ರಿ ಅವಳಿಗೆ ತುತ್ತು ಕೊಡುತ್ತಾ ಕೇಳಿದೆ. "ಬಿದ್ದಾಗ ನೋವಾಗ್ಲಿಲ್ವಾ?"

"ಚಳುಕ್ ಅಂತು, ಅಷ್ಟೇ. ಲಕ್ಷ್ಮೀನ ಕೂರಿಸ್ಬೇಕಿತ್ತಲ್ಲ. ದೇವರ ಮುಂದಿನ ಅರಿಶಿನ ಹಚ್ಕೊಂಡೆ, ಇಳೀತು."

"ಆಮೇಲೆ?"

"ಕೊನೇವ್ಳು ತಾಂಬೂಲ ತಗೊಂಡು ಹೊರಟ್ಳು ನೋಡು, ಗೇಟ್ ಚಿಲಕ ಹಾಕೋಕ್ ಹೋದೆ. ಪ್ರಾಣ ಹೋದಂಗಾಯ್ತು."

ಅದು ನಿನ್ನ ಮೈಯೇ ಮಾಡಿಕೊಂಡ ಅಫೀಮು ದೊಡ್ಡಮ್ಮ, ಅಂದೆ. ಕಣ್ಣರಳಿಸಿದಳು. ನನಗೂ ಪಾಠದ ಹುರುಪು ಬಂತು. ಗಸಗಸೆ ಗಿಡದ ಹಾಲಿನಿಂದ ಬರುವ ಮಾರ್ಫಿನ್ನಿಗೆ ನಮ್ಮ ಮೆದುಳಿನಲ್ಲಿ ಅಂಟಿಕೊಳ್ಳುವ ಜಾಗ ಯಾಕಿದೆ, ನಮ್ಮೊಳಗೂ ಅಂಥದ್ದೇನೋ ಇರಬೇಕು ಎಂದು ಹುಡುಕಿ, 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎನ್ಕೆಫಾಲಿನ್ ಕಂಡುಹಿಡಿದರು. ಬರೀ ಐದು ಅಮೈನೋ ಆಮ್ಲದ ಮಣಿಸರ. ಹಂದಿಯ ಮೆದುಳಿನಿಂದ ತೆಗೆದರು, ಅಂದುಬಿಟ್ಟೆ.

"ಥೂ! ಊಟಕ್ಕೆ ಕೂತಾಗ, ಹಬ್ಬದ ಮಾರನೇ ದಿನ ಅದೆಂಥ ಮಾತೇ!"

ಸರಿ, ಒಂಟೆಗೆ ಬಂದೆ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಚೋ ಹಾವ್ ಲಿ ಒಂಟೆಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಂಥದ್ದೇ ಇನ್ನೊಂದು ವಸ್ತು, ಬೀಟಾ ಎಂಡಾರ್ಫಿನ್ ತೆಗೆದ ಕತೆ. ಅದರ ಸರದಲ್ಲಿ 31 ಮಣಿ. ಒಂಟೆಗೆ ಅವಳ ತಕರಾರಿರಲಿಲ್ಲ.

ಅರಿಶಿನದ ಮಾತಿಗೆ ನಗು ಬಂದಿತ್ತು, ನುಂಗಿಕೊಂಡೆ. 1978ರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೇ ಇಲ್ಲದ ಸೂಜಿ ಚುಚ್ಚಿದಾಗ ಕೆಲವರಿಗೆ ನೋವು ಇಳಿಯಿತು. ಅಫೀಮಿನ ಕೆಲಸ ತಡೆಯುವ ನಾಲೊಕ್ಸೋನ್ ಕೊಟ್ಟಾಗ ಅಂಥವರ ನೋವು ಮತ್ತೆ ಏರಿತು. ಅಂದರೆ ನಂಬಿಕೆಯ ಹಿಂದೆಯೂ ಮೈಯ ರಸಾಯನವಿತ್ತು. ಅದಕ್ಕೇ ಅರಿಶಿನದ ವಿಷಯಕ್ಕೆ ನಾನು ವಾದಕ್ಕಿಳಿಯಲಿಲ್ಲ. (ಹಾಗಂತ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ 'ನಕ್ಕರೆ ಎಂಡಾರ್ಫಿನ್, ಓಡಿದರೆ ಎಂಡಾರ್ಫಿನ್' ಎಂದು ಕಳಿಸುವ ಭಾವನವರೇ, ರಕ್ತದಲ್ಲಿ ಏರಿದ ಎಂಡಾರ್ಫಿನ್ ಅಷ್ಟು ಸಲೀಸಾಗಿ ಮೆದುಳಿಗೆ ದಾಟುವುದಿಲ್ಲ. ಓಟದ ಖುಷಿಯಲ್ಲಿ ಗಾಂಜಾ ಜಾತಿಯ, ಮೈಯದ್ದೇ ಆದ ಬೇರೆ ವಸ್ತುಗಳ ಪಾಲು ದೊಡ್ಡದು ಅನ್ನುತ್ತಾರೆ ಈಗ.)

ಅವಳು ಮಲಗಿದಳು. ನನಗೆ ನಿದ್ದೆ ಇಲ್ಲ.

ಎನ್ಕೆಫಾಲಿನ್ ಬೆನ್ನುಹುರಿಯ ಬಾಗಿಲಲ್ಲೇ ನೋವಿನ ಸುದ್ದಿಯನ್ನು ತಡೆದು ನಿಲ್ಲಿಸುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಬಾಣ ಗುರುತು ಹಾಕಿ, ಕೆಂಪು ಚಾಕ್‌ಪೀಸಿನಲ್ಲಿ. ಹುಲಿ ಅಟ್ಟಿಸಿಕೊಂಡು ಬಂದಾಗ ಕಾಲು ಉಳುಕಿದ್ದು ಗೊತ್ತಾಗಬಾರದು, ಅದಕ್ಕೆ ಈ ಏರ್ಪಾಡು ಎನ್ನುತ್ತಿದ್ದೆ. ನಿನ್ನೆ ಯಾವ ಹುಲಿ ಬಂದಿತ್ತು? ಮನೆ ತುಂಬ ಜನ, ಒಲೆ ಮೇಲೆ ಬೇಳೆ, ಬಾಗಿಲಲ್ಲಿ ಹೂವಿನವನು.

ಒಡನೆಯೇ ಕಿಣ್ವಗಳು ಎನ್ಕೆಫಾಲಿನ್ನನ್ನು ತುಂಡು ಮಾಡಿಬಿಡುತ್ತವೆ, ಆಯಸ್ಸು ನಿಮಿಷಗಳ ಲೆಕ್ಕ. ಹಾಗಾದರೆ ನಿನ್ನೆ ಹದಿನೈದು ಗಂಟೆ ಆ ಮೈ ಅದನ್ನು ಮಾಡುತ್ತಲೇ ಇತ್ತೇ? ಅಥವಾ ನೋವು ಮಧ್ಯಾಹ್ನವೇ ಬಂದು, ಅವಳೇ ಹಲ್ಲು ಕಚ್ಚಿ ಬಾಯಿ ಬಿಡಲಿಲ್ಲವೇ? ಇದೊಂದನ್ನು ಕೇಳಲು ಧೈರ್ಯ ಬರಲಿಲ್ಲ.

ಪ್ರತಿ ಭಾನುವಾರ ಫೋನ್ ಮಾಡಿದಾಗ "ಏನಿಲ್ಲ ಕಣೇ, ಚೆನ್ನಾಗಿದೀನಿ" ಅನ್ನುತ್ತಾಳೆ. ಹೋದ ವರ್ಷ ದೊಡ್ಡಪ್ಪನನ್ನು ಮೂರು ತಿಂಗಳು ಹಾಸಿಗೆಯಲ್ಲಿ ನೋಡಿಕೊಂಡಾಗಲೂ ಅದೇ ಮಾತು.