ಬಡ್ಡಿ ದರ ನಿಮ್ಮ ಕೈಯಲ್ಲೇ ಇರುತ್ತಾ?

ಅರ್ಥಶಾಸ್ತ್ರದಲ್ಲಿ ಎಂಎ ಮುಗಿಸುತ್ತಿರುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಇದನ್ನೇ: ಸೆಂಟ್ರಲ್ ಬ್ಯಾಂಕಿಗೆ ಎಕನಾಮಿಸ್ಟ್ ಆಗಿ ಸೇರಿದರೆ ಮೊದಮೊದಲು ಏನು ಕೆಲಸ ಕೊಡ್ತಾರೆ? ಬಡ್ಡಿ ದರದ ತೀರ್ಮಾನದಲ್ಲಿ ನಮ್ಮ ಪಾಲೂ ಇರುತ್ತಾ?

ಇರುತ್ತೆ, ಆದರೆ ಚೂರೇ ಚೂರು. ದರ ನಿಗದಿ ಮಾಡುವುದು ಸಮಿತಿ. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅದರಲ್ಲಿ 9 ಜನ, ನಮ್ಮ ರಿಸರ್ವ್ ಬ್ಯಾಂಕಿನಲ್ಲಿ 6 ಜನ. ಹೊಸಬರಿಗೆ ಸಿಗುವುದು ಆ ಸಮಿತಿಯ ಮುಂದೆ ಹೋಗುವ ದಪ್ಪ ಕಡತದಲ್ಲಿ ಒಂದು ಚಾರ್ಟು, ಅದರ ಕೆಳಗೆ ಎರಡು ಸಾಲು. ಹೆಸರೂ ಇರಲ್ಲ. ಆದರೆ ಆ ಎರಡು ಸಾಲು ಸರಿಯಾಗಿ ಬರೆಯೋದೇ ಈ ಕೆಲಸದ ತಿರುಳು ಅಂತ ನನಗನಿಸುತ್ತದೆ.

ಒಂದು ಲೆಕ್ಕ ನೋಡಿ. ಬೆಲೆ ಸೂಚ್ಯಂಕ ಹೋದ ವರ್ಷ ಮಾರ್ಚ್‌ನಲ್ಲಿ 100 ಇತ್ತು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಯಾವುದೋ ತೆರಿಗೆ ಏರಿ ಒಮ್ಮೆಲೇ 104 ಆಯಿತು. ಈ ವರ್ಷ ಮಾರ್ಚ್‌ನಲ್ಲಿ 106, ಏಪ್ರಿಲ್‌ನಲ್ಲಿ 106.5. ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಹಣದುಬ್ಬರ ಮಾರ್ಚ್‌ನಲ್ಲಿ ಶೇ 6, ಏಪ್ರಿಲ್‌ನಲ್ಲಿ ಸುಮಾರು ಶೇ 2.4. ಹಣದುಬ್ಬರ ಕುಸಿಯಿತು ಅಂತ ಟಿವಿಯವರು ಕೂಗುತ್ತಾರೆ. ಆದರೆ ಬೆಲೆ ಆ ತಿಂಗಳೂ ಏರಿದೆ, ಅಲ್ವಾ? ಇಳಿಕೆ ಬಂದದ್ದು ಹೋದ ವರ್ಷದ ಜಿಗಿತ ಲೆಕ್ಕದಿಂದ ಆಚೆ ಹೋದದ್ದಕ್ಕೆ. ನಾವು ಇದಕ್ಕೆ ಬೇಸ್ ಎಫೆಕ್ಟ್ ಅಂತೀವಿ. ಶೇ 2.4 ಅಂತ ಚಾರ್ಟು ಹಾಕಿ ಸುಮ್ಮನಾದರೆ ಮೇಲಿನವರು ದಾರಿ ತಪ್ಪಬಹುದು. ಹೊಸ ಎಕನಾಮಿಸ್ಟ್ ಬರೆಯಬೇಕಾದ ಸಾಲು ಇದು: "ಇಳಿಕೆ ಬಹುಪಾಲು ಹೋದ ವರ್ಷದ ತೆರಿಗೆ ಏರಿಕೆಯಿಂದ, ಬೆಲೆಗಳ ಈಗಿನ ಓಟ ಬೇರೆಯಾಗಿ ನೋಡಬೇಕು."

ಆಮೇಲೆ ಆ ಓಟ ನೋಡಲು ಹೊರಡುತ್ತೀರಿ. ಹಬ್ಬ, ಸುಗ್ಗಿ, ರಜೆಗಳ ಏರಿಳಿತ ತೆಗೆದು ನೋಡಬೇಕು. ತರಕಾರಿ, ಇಂಧನ ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಬೇಕು. ಅಷ್ಟರಲ್ಲಿ ಜಿಡಿಪಿಯ ಹಳೆಯ ಅಂಕಿ ಪರಿಷ್ಕರಣೆ ಆಗಿ, ನಿನ್ನೆ ಬರೆದ ಕಥೆ ಇವತ್ತು ಸುಳ್ಳಾಗುತ್ತದೆ. ಕ್ಲಾಸಿನಲ್ಲಿ ಕಲಿತ ಮಾಡೆಲ್‌ಗಳು ಬೇಡವೇ ಬೇಡ ಅಂತಲ್ಲ, ಆದರೆ ಮೊದಲ ವರ್ಷ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಂಕಿಗಳ ಮೇಲಿನ ಅನುಮಾನ. ಆರ್ ಅಥವಾ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರಲಿ. ಎಕ್ಸೆಲ್ ಅಂದರೆ ಮೂಗು ಮುರಿಯಬೇಡಿ, ಅದು ಎಲ್ಲೂ ಹೋಗಿಲ್ಲ.

ಬಾಯಿಗೆ ಬೀಗ ಹಾಕುವ ದಿನಗಳೂ ಇವೆ. ಅಮೆರಿಕದ ಸೆಂಟ್ರಲ್ ಬ್ಯಾಂಕ್ ಆದ ಫೆಡ್‌ನಲ್ಲಿ ದರ ನಿಗದಿಯ ಸಭೆಗೆ ಮುಂಚಿನ ಎರಡನೇ ಶನಿವಾರದಿಂದಲೇ ನೀತಿಯ ಬಗ್ಗೆ ಹೊರಗೆ ಮಾತಾಡುವಂತಿಲ್ಲ. ಬೇರೆ ಕಡೆಯೂ ಇಂಥದೇ ಮೌನದ ಅವಧಿ ಇರುತ್ತದೆ. "ಸಾಲ ಈಗ ತಗೊಳ್ಳಲಾ, ಮುಂದಿನ ತಿಂಗಳು ತಗೊಳ್ಳಲಾ?" ಅಂತ ನೆಂಟರು ಕೇಳಿದರೆ ನಕ್ಕು ಮಾತು ಬದಲಿಸುವುದನ್ನು ಕಲಿಯಬೇಕು. ಅವರು ನಂಬಲ್ಲ, ಇರಲಿ.

ಪಿಎಚ್‌ಡಿ ಬೇಕಾ? ಸಂಶೋಧನೆಯೇ ಮುಖ್ಯವಾದ ಹುದ್ದೆಗೆ ಹೆಚ್ಚಾಗಿ ಬೇಕು. ಫೆಡ್‌ನಲ್ಲಿ ಪದವಿ ಮುಗಿಸಿದವರು ರಿಸರ್ಚ್ ಅಸಿಸ್ಟೆಂಟ್ ಆಗಿ ಒಂದೆರಡು ವರ್ಷ ದುಡಿದು ಆಮೇಲೆ ಪಿಎಚ್‌ಡಿಗೆ ಹೋಗುವುದು ಮಾಮೂಲು. ನೀತಿ ವಿಶ್ಲೇಷಣೆಯ ಕಡೆಗಾದರೆ ಎಂಎ ಇಟ್ಟುಕೊಂಡೇ ಬರಬಹುದು. ಎರಡರಲ್ಲಿ ಯಾವುದು ನಿಮಗೆ ಅಂತ ಗೊತ್ತಿಲ್ಲದಿದ್ದರೆ ಮೊದಲು ಕೆಲಸಕ್ಕೆ ಸೇರಿ ಅಂತಲೇ ನಾನು ಹೇಳೋದು. ಯಾವ ಪ್ರಶ್ನೆಯ ಹಿಂದೆ ಐದು ವರ್ಷ ಕೂರಬಹುದು ಅನ್ನೋದು ಅಂಥ ಕಡತಗಳ ನಡುವೆ ಬೇಗ ಗೊತ್ತಾಗುತ್ತದೆ.