ಮೇಷ್ಟ್ರಿಗೆ ಏನು ಕೊಡೋಣ? ಶಾಲು ಬಿಟ್ಟು ಬೇರೆ ಹೇಳಿ ಅಂದವರಿಗೆ

ಆಗಸ್ಟ್ ಕೊನೆಯ ವಾರ ಬಂತೆಂದರೆ, ಶಿಕ್ಷಕರ ದಿನಾಚರಣೆ ಹತ್ತಿರವಾದಂತೆ, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಿಂದ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಂದ, ಊರು ಬಿಟ್ಟು ಬೆಂಗಳೂರು ಸೇರಿದವರಿಂದ ಒಂದೇ ಪ್ರಶ್ನೆ ಬರುತ್ತದೆ: "ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂ, ಅಡುಗೆಯವರು ಎಲ್ಲರಿಗೂ ಸೇರಿ ಏನಾದರೂ ಮಾಡಬೇಕು ಅಂತಿದ್ದೇವೆ. ಹತ್ತು ಹದಿನೈದು ಸಾವಿರ ಕೂಡಿದೆ. ಏನು ಕೊಡೋಣ?"

ಏನು ಕೊಡಬೇಕು ಅನ್ನುವ ಮೊದಲು ಒಂದು ವಿಷಯ ವಿಚಾರಿಸಿ. ಆ ಶಾಲೆ ದಿನ ದೂಡುವುದಕ್ಕೆ ಯಾರ ಜೇಬಿನಿಂದ ಏನು ಹೋಗುತ್ತಿದೆ? ಅದು ಗೊತ್ತಾದರೆ ಏನು ಕೊಡಬೇಕೆಂಬುದು ತಾನೇ ಗೊತ್ತಾಗುತ್ತದೆ.

ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಇಷ್ಟಕ್ಕೆ ತಲಾ ಏಳೆಂಟು ನೂರು ರೂಪಾಯಿ ಎದ್ದುಹೋಗುತ್ತದೆ. ಸರ್ವಿಸ್ ಆದ ಯಾವ ಶಿಕ್ಷಕರ ಬೀರು ತೆರೆದರೂ ಬಿಚ್ಚದ ಶಾಲುಗಳು ಸಿಗುತ್ತವೆ. ಅವು ಮುಂದೆ ಯಾರದೋ ಗೃಹಪ್ರವೇಶಕ್ಕೆ ಹೋಗುತ್ತವೆ. ಸ್ಮರಣಿಕೆಯಂತೂ ಯಾರಿಗೂ ದಾಟಿಸಲು ಬಾರದ ವಸ್ತು, ಅದರ ಮೇಲೆ ಹೆಸರು ಕೆತ್ತಿರುತ್ತದೆ! ಬೆಲೆಬಾಳುವ ಉಡುಗೊರೆ ಬೇಡವೇ ಬೇಡ. ಸರ್ಕಾರಿ ನೌಕರರ ನಡತೆ ನಿಯಮ ಅದಕ್ಕೆ ಅಡ್ಡ ಬರುತ್ತದೆ, ಕೊಟ್ಟವರ ಖುಷಿಗೆ ತೆಗೆದುಕೊಂಡವರು ವಿವರಣೆ ಕೊಡಬೇಕಾಗುತ್ತದೆ. ಸೆಪ್ಟೆಂಬರ್ 5 ಯಾರ ಜನ್ಮದಿನವೋ ಆ ರಾಧಾಕೃಷ್ಣನ್ 1921ರಲ್ಲಿ ಮೈಸೂರಿನ ಕೆಲಸ ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರನ್ನು ಕೂರಿಸಿದ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದರು. ಖರ್ಚಾದದ್ದು ಬೆವರು ಮಾತ್ರ.

ಈಗ ಜೇಬಿನ ವಿಷಯ. ಸರ್ಕಾರಿ ಶಾಲೆಗಳಿಗೆ ಅನುದಾನ ಕೊಡುವ ಕೇಂದ್ರದ 'ಸಮಗ್ರ ಶಿಕ್ಷಣ' ಯೋಜನೆಯ ಮಾರ್ಗಸೂಚಿಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ನಿಗದಿಯಾಗುತ್ತದೆ: 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ. ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ, ಶೌಚಾಲಯದ ಫಿನಾಯಿಲ್, ಪೊರಕೆ ಎಲ್ಲ ಇದರಲ್ಲೇ ಮುಗಿಯಬೇಕು. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ, ದುಡ್ಡು ಬರುವುದು ಅದು ಬಂದಾಗ. ನಡುವಿನ ತಿಂಗಳುಗಳಲ್ಲಿ ಝೆರಾಕ್ಸ್, ಮೊಬೈಲ್ ಡೇಟಾ, ಪ್ರತಿಭಾ ಕಾರಂಜಿ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವ ಆಟೋ, ಪೆನ್ಸಿಲ್ ತರದ ಮಗುವಿಗೆ ಪೆನ್ಸಿಲ್, ಎಲ್ಲವೂ ಮೇಷ್ಟ್ರ ಕಿಸೆಯಿಂದಲೇ.

ನೇರವಾಗಿ ಕೇಳಿದರೆ ಹೇಳುವುದಿಲ್ಲ. "ಏನೂ ಬೇಡ, ನೀವು ಬಂದಿದ್ದೇ ಸಂತೋಷ" ಎಂಬ ಒಂದೇ ಉತ್ತರ. ಕೇಳುವ ರೀತಿ ಬೇರೆ: "ಮೇಡಂ, ಹೋದ ತಿಂಗಳು ಝೆರಾಕ್ಸ್‌ಗೆ ಎಷ್ಟಾಯ್ತು?" "ಮೇಷ್ಟ್ರೇ, ಆನ್‌ಲೈನ್ ಎಂಟ್ರಿ ಯಾರ ಫೋನಿನಲ್ಲಿ ಮಾಡ್ತೀರಿ?" ಲೆಕ್ಕ ಕೇಳಿದಾಗ ನಿಜ ಹೊರಬರುತ್ತದೆ. ಆಗ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಶಾಲೆಯ ಹೆಸರಿಗೆ ಎರಡು ಸಾವಿರ ಮುಂಗಡ ಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳುವ ಏರ್ಪಾಡು ಮಾಡಿ. ಪುಟಕ್ಕೆ ಎರಡು ರೂಪಾಯಿ ಹಿಡಿದರೂ ಸಾವಿರ ಪುಟ. ಒಂದು ಶಾಲು ಇಷ್ಟು ಕಾಲ ಬೆಚ್ಚಗಿಡುವುದಿಲ್ಲ.

ಶಾಲೆಯಲ್ಲಿ ನಲಿಕಲಿ ತರಗತಿ ಇದ್ದರೆ ಕೆಲಸ ಇನ್ನೂ ಸುಲಭ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಕಾರ್ಡೇ ಇಲ್ಲಿ ಪಾಠ. ದಿನಕ್ಕೆ ಹತ್ತಾರು ಕೈ ದಾಟುವ ಕಾರ್ಡಿನ ಮೂಲೆ ಮೊದಲು ಬಾಯಿಗೆ ಹೋಗುತ್ತದೆ, ಆಮೇಲೆ ಮಡಚಿಕೊಳ್ಳುತ್ತದೆ, ಆಮೇಲೆ ಕಳೆದೇ ಹೋಗುತ್ತದೆ. ಹರಿದವನ್ನು ಮೇಡಂ ರಾತ್ರಿ ಮನೆಯಲ್ಲಿ ಕೂತು ಹೊಸದಾಗಿ ಬರೆಯುತ್ತಾರೆ. ಒಂದು ಲ್ಯಾಮಿನೇಷನ್ ಮೆಷಿನ್ ಮತ್ತು 125 ಮೈಕ್ರಾನ್ ದಪ್ಪದ ನೂರು ಪೌಚ್ ತಂದು ಒಂದು ಶನಿವಾರ ಮಧ್ಯಾಹ್ನ ನೀವೇ ಕೂತು ಮಾಡಿಕೊಡಿ. ಕಾರ್ಡಿನ ಅಂಚಿನಿಂದ ಸುತ್ತಲೂ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಬೇಕು. ಕಾಗದದ ಅಂಚಿಗೇ ಕತ್ತರಿಸಿದರೆ ಎರಡು ಪದರ ಬಿಟ್ಟುಕೊಂಡು ತೇವ ಒಳಗೆ ಇಳಿಯುತ್ತದೆ, ಮಕ್ಕಳಿಗೆ ಸುಲಿಯಲು ಒಂದು ಆಟ ಸಿಕ್ಕಂತಾಗುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ, ಚೂಪಾಗಿ ಬಿಟ್ಟರೆ ಚುಚ್ಚುತ್ತವೆ.

ಅದೇ ಕೋಣೆಯ ಗೋಡೆಯ ಕೆಳಭಾಗದಲ್ಲಿ ಮಕ್ಕಳು ಬರೆಯುವ ಕಪ್ಪುಹಲಗೆಯ ಪಟ್ಟಿ ಇರುತ್ತದೆ. ಬಣ್ಣ ಮಾಸಿ ಬಿಳಿಚಿಕೊಂಡಿದ್ದರೆ ಬಳಿದುಕೊಡುವುದು ಒಳ್ಳೆಯ ಕೆಲಸ, ಆದರೆ ಉತ್ಸಾಹದಲ್ಲಿ ಕೆಡಿಸುವವರೇ ಹೆಚ್ಚು. 20 ಅಡಿ ಉದ್ದದ ಮೂರು ಗೋಡೆ, ಎರಡೂವರೆ ಅಡಿ ಎತ್ತರ ಅಂದರೆ 150 ಚದರ ಅಡಿ. ಎರಡು ಸಲ ಬಳಿಯಲು ಸುಮಾರು ಮೂರು ಲೀಟರ್ ಬ್ಲ್ಯಾಕ್‌ಬೋರ್ಡ್ ಪೇಂಟ್ ಸಾಕು. ಹಳೆಯ ಸುಣ್ಣದ ಮೇಲೆ ನೇರ ಬಳಿದರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಸುಣ್ಣ ಕೆರೆದು, ಮರಳು ಕಾಗದ ಉಜ್ಜಿ, ಧೂಳು ಒರೆಸಿ, ಮೊದಲ ಕೋಟ್ ಪೂರ್ತಿ ಒಣಗಿದ ಮೇಲೆ ಎರಡನೆಯದು. ಎರಡನೆಯದು ಒಣಗಲು ಒಂದೆರಡು ದಿನ ಬಿಡಿ. ಬಳಸುವ ಮೊದಲು ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಹಲಗೆಗೆ ಉಜ್ಜಿ ಒಣಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಮೊದಲ ದಿನ ಬರೆದ ಅಕ್ಷರದ ಗುರುತು ಹೋಗುವುದೇ ಇಲ್ಲ. ಇದೆಲ್ಲ ದಸರಾ ರಜೆಯ ಕೆಲಸ. ಮಕ್ಕಳು ಕೂತಿರುವಾಗ ಪೇಂಟ್ ವಾಸನೆ ಎಬ್ಬಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಅಡುಗೆಯವರ ಹೆಸರು ಪಟ್ಟಿಯ ಕೊನೆಗೇ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಕೆಲಸ ನೋಡಿದರೆ ಅವರ ಹೆಸರು ಮೊದಲಿರಬೇಕು. ನಿಯಮದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು ಅಡುಗೆಯವರು. ನೂರು ಮಕ್ಕಳ ಶಾಲೆಯಲ್ಲಿ ಇಬ್ಬರು ಹೆಂಗಸರು ಬೆಳಗ್ಗೆ ಬಂದು ಕ್ಷೀರಭಾಗ್ಯ ಯೋಜನೆಯ ಹಾಲು ಮಾಡಬೇಕು. ಮಗುವಿಗೆ 18 ಗ್ರಾಂ ಪುಡಿಯಲ್ಲಿ 150 ಮಿಲಿಲೀಟರ್ ಹಾಲು. ನೂರು ಮಕ್ಕಳಿಗೆ 1.8 ಕಿಲೋ ಪುಡಿ, 15 ಲೀಟರ್ ಹಾಲು. ಅದನ್ನು ಕುದಿಸಿ, ಇಳಿಸಿ, ಹಂಚಿ, ಲೋಟ ತೊಳೆದು ಮುಗಿಸುವಷ್ಟರಲ್ಲಿ ಅನ್ನ ಸಾರಿನ ಹೊತ್ತು. ಕೈಗೆ ಬರುವುದು ಗೌರವಧನ, ಸಂಬಳವಲ್ಲ. ಪಿಂಚಣಿ ಇಲ್ಲ.

ಇವರಿಗೆ ಸೀರೆ ಕೊಡುವುದಾದರೆ ಕಾಟನ್ನೇ ಕೊಡಿ. ಮಿಂಚುವ ಸಿಂಥೆಟಿಕ್ ಸೀರೆ ಉಟ್ಟು ದೊಡ್ಡ ಒಲೆಯ ಮುಂದೆ ನಿಂತರೆ ಕಿಡಿ ತಾಗಿದ ಕೂಡಲೇ ಕರಗಿ ಮೈಗೆ ಅಂಟುತ್ತದೆ. ಸೀರೆಗಿಂತಲೂ ತಲಾ ಎರಡು ದಪ್ಪ ಕಾಟನ್ ಏಪ್ರನ್ ಉಪಯೋಗಕ್ಕೆ ಬರುತ್ತದೆ, ಒಂದು ಒಗೆದಾಗ ಇನ್ನೊಂದು. ಬಿಸಿ ಪಾತ್ರೆ ಹಿಡಿಯಲು ಮೊಣಕೈವರೆಗಿನ ಕೈಗವಸು ಒಂದು ಜೊತೆ. ಹಾಲಿಗೆ ನಲ್ಲಿ ಇರುವ ಸ್ಟೀಲ್ ಡ್ರಮ್ ಒಂದು ಕೊಟ್ಟರೆ ಬಗ್ಗಿ ಸೌಟಿನಲ್ಲಿ ಮೊಗೆಯುವ ಕೆಲಸ ತಪ್ಪುತ್ತದೆ. ಅಡುಗೆಮನೆಗೆ ಹೋದಾಗ ಗ್ಯಾಸ್ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. ಐದು ವರ್ಷ ದಾಟಿದ್ದರೆ, ಬಿರುಕು ಕಂಡರೆ ಬದಲಿಸಿ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದ್ದರೆ ಅದನ್ನೂ. ಕೆಲವು ನೂರು ರೂಪಾಯಿಯ ವಿಷಯ. ಏನೇ ತರುವ ಮೊದಲು ಅವರನ್ನೇ ಕೇಳಿ, "ಅಕ್ಕಾ, ಇದರಲ್ಲಿ ನಿಮಗೆ ಅನುಕೂಲ ಯಾವುದು?" ಎಂದು. ಇಡಲು ಜಾಗವಿಲ್ಲದ ಡ್ರಮ್ ತಂದಿಟ್ಟು ಹೋದರೆ ಅದೂ ಒಂದು ಹೊರೆ.

ಮುಖ್ಯ ವಿಷಯ: ಅಭಿನಂದನೆಯ ದಿನ ಅವರು ಒಲೆ ಹಚ್ಚಬಾರದು. ನಮ್ಮ ಕಡೆ ಕಾರ್ಯಕ್ರಮದ ದಿನವೇ ಅವರಿಗೆ ದುಪ್ಪಟ್ಟು ಕೆಲಸ ಬೀಳುತ್ತದೆ: ಅತಿಥಿಗಳಿಗೆ ಕೇಸರಿಬಾತು, ಕಾಫಿ, ಮೇಲೆ ಪಾತ್ರೆ. ಆ ದಿನದ ಅಡುಗೆ ಪೋಷಕರು ವಹಿಸಿಕೊಳ್ಳಲಿ. ದಾನಿಗಳು ಮಕ್ಕಳಿಗೆ ಊಟ ಕೊಡಲು ಬಿಸಿಯೂಟದ ಪಿಎಂ ಪೋಷಣ್ ಯೋಜನೆಯಲ್ಲೇ 'ತಿಥಿ ಭೋಜನ' ಎಂಬ ಅವಕಾಶ ಇದೆ. ಮುಖ್ಯ ಶಿಕ್ಷಕರಿಗೆ ವಾರ ಮೊದಲೇ ಬರೆದು ತಿಳಿಸಿ. ಹೊರಗಿನಿಂದ ಕ್ಯಾಟರಿಂಗ್ ಬೇಡ. ಬೆಳಗಿನ ಜಾವ ಬೇಯಿಸಿ ಮುಚ್ಚಿಟ್ಟ ಡಬ್ಬಿಯಲ್ಲಿ ಬಂದ ಅನ್ನ ಮಧ್ಯಾಹ್ನದ ಹೊತ್ತಿಗೆ ಹಳಸುವುದು ಸುಲಭ, ತೆಂಗಿನ ಚಟ್ನಿ ಇನ್ನೂ ಬೇಗ. ಶಾಲೆಯಲ್ಲೇ ಮಾಡಿ. ಒಂದರಿಂದ ಐದರ ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಅಕ್ಕಿ ಎಂಬುದು ಅಳತೆ. 60 ಚಿಕ್ಕವರು, 40 ದೊಡ್ಡವರಿದ್ದರೆ 12 ಕಿಲೋ. ಚಿತ್ರಾನ್ನವಾದರೆ ಅದಕ್ಕೆ ಸುಮಾರು 50 ನಿಂಬೆಹಣ್ಣು, ಒಂದೂವರೆ ಲೀಟರ್ ಎಣ್ಣೆ, ಒಂದು ಕಿಲೋಗೆ ಸ್ವಲ್ಪ ಮೇಲೆ ಕಡಲೆಬೀಜ. ನಿಂಬೆರಸ ಒಲೆ ಆರಿಸಿದ ಮೇಲೆ ಹಾಕಿ, ಕುದಿದರೆ ಕಹಿ. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡುವ ನಿಯಮವನ್ನು ಆ ದಿನವೂ ಬಿಡಬಾರದು. ಅಡುಗೆಯವರು ಮಕ್ಕಳ ಸಾಲಿನಲ್ಲಿ ಕೂತು ಉಣ್ಣಲಿ, ತಟ್ಟೆಯನ್ನು ಬೇರೆಯವರು ತೊಳೆಯಲಿ.

ಅತಿಥಿ ಶಿಕ್ಷಕರನ್ನು ಮರೆಯುವುದು ಇನ್ನೊಂದು ತಪ್ಪು. ಅವರ ಗೌರವಧನ ಶೈಕ್ಷಣಿಕ ವರ್ಷದ ತಿಂಗಳುಗಳಿಗೆ ಮಾತ್ರ, ಬೇಸಿಗೆ ರಜೆಯಲ್ಲಿ ಇಲ್ಲ. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಖಾತ್ರಿ ಇಲ್ಲ. ವೇದಿಕೆಯ ಮೇಲೆ ಕಾಯಂ ಶಿಕ್ಷಕರ ಪಕ್ಕದಲ್ಲೇ ಕುರ್ಚಿ ಹಾಕಿಸಿ. ಹೆಚ್ಚಿನವರು ಟಿಇಟಿಗೋ (ಶಿಕ್ಷಕರ ಅರ್ಹತಾ ಪರೀಕ್ಷೆ) ನೇಮಕಾತಿ ಪರೀಕ್ಷೆಗೋ ಓದುತ್ತಿರುತ್ತಾರೆ, ಬೇಕಾದ ಪುಸ್ತಕ ಯಾವುದೆಂದು ಕೇಳಿ ತಂದುಕೊಡಿ. ಮುಖ್ಯ ಶಿಕ್ಷಕರಿಂದ ಯಾವ ತರಗತಿ, ಯಾವ ವಿಷಯ, ಎಷ್ಟು ಅವಧಿ ಎಂದು ಬರೆದ ಅನುಭವ ಪತ್ರ ಕೊಡಿಸಿದರೆ ಅದಕ್ಕೆ ಮುಂದೆ ಬೆಲೆ ಇದೆ.

ದಿನ ಯಾವುದು? ಸೆಪ್ಟೆಂಬರ್ 5ರ ಬೆಳಗ್ಗೆ ಅಂತೂ ಅಲ್ಲ. ಅಂದು ತಾಲ್ಲೂಕು ಕೇಂದ್ರದಲ್ಲಿ ಶಿಕ್ಷಕರ ದಿನಾಚರಣೆ ಇರುತ್ತದೆ, ಮೇಷ್ಟ್ರುಗಳೆಲ್ಲ ಅಲ್ಲಿ ಹಾಜರಿರಬೇಕು. ನೀವು ಶಾಲೆಯಲ್ಲಿ ಹಾರ ಹಿಡಿದು ಕಾಯುತ್ತೀರಿ. ಹಿಂದಿನ ಅಥವಾ ಮುಂದಿನ ಒಂದು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಸಾಕು. ಭಾಷಣ ಮಾಡುವವರು ಒಬ್ಬರೇ, ಐದು ನಿಮಿಷ. ಮೂರು ಮಕ್ಕಳು ಎದ್ದು ತಲಾ ಒಂದು ಸಂಗತಿ ಹೇಳಲಿ: ಭಾಗಾಕಾರ ಯಾರು ಹೇಳಿಕೊಟ್ಟರು, ಬಿದ್ದಾಗ ಮಂಡಿಗೆ ಯಾರು ಔಷಧ ಹಚ್ಚಿದರು, ಎರಡನೇ ಸಲ ಅನ್ನ ಕೇಳಿದಾಗ ಯಾರು ಬಡಿಸಿದರು.

ದುಡ್ಡಿನಲ್ಲಿ ಮಕ್ಕಳನ್ನು ಸೇರಿಸಬೇಡಿ. ತಲೆಗೆ ಇಷ್ಟು ಅಂತ ವಸೂಲಿ ಮಾಡಿದರೆ ತರದ ಮಗು ಅಂದು ಶಾಲೆಗೇ ಬರುವುದಿಲ್ಲ. ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಬೋರ್ಡಿನಲ್ಲಿ ಬರೆಯುವುದೂ ಬೇಡ. ಶಾಲೆಗೆಂದು ಕೊಟ್ಟ ಹಣ ಎಸ್‌ಡಿಎಂಸಿ ಖಾತೆಗೆ ಹೋಗಲಿ, ವಸ್ತು ದಾಸ್ತಾನು ವಹಿಯಲ್ಲಿ ಏರಲಿ. ಇಲ್ಲದಿದ್ದರೆ ಮುಖ್ಯ ಶಿಕ್ಷಕರು ವರ್ಗವಾಗಿ ಚಾರ್ಜ್ ಒಪ್ಪಿಸುವಾಗ ಆ ಲ್ಯಾಮಿನೇಷನ್ ಮೆಷಿನ್ ಯಾರದು ಎಂಬ ತಕರಾರು ಏಳುತ್ತದೆ.

ಕೈಯಲ್ಲಿ ಒಂದು ರೂಪಾಯಿ ಇಲ್ಲದವರೂ ಮಾಡಬಹುದಾದದ್ದು ಪತ್ರ. "ತಮ್ಮ ಸೇವೆ ಶ್ಲಾಘನೀಯ" ಎಂಬ ಪತ್ರ ಬೇಡ, ಅದು ಯಾರ ಬಗ್ಗೆಯಾದರೂ ಆಗಬಹುದು. ಹೀಗಿರಲಿ: "ನನ್ನ ಮಗಳು ಜೂನ್‌ನಲ್ಲಿ ಒತ್ತಕ್ಷರ ಓದುತ್ತಿರಲಿಲ್ಲ. ಮೇಡಂ ದಿನಾ ಊಟದ ನಂತರ ಹತ್ತು ನಿಮಿಷ ಕೂರಿಸಿ ಓದಿಸಿದರು. ಈಗ ಮನೆಯಲ್ಲಿ ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ." ಮಗುವಿನ ತರಗತಿ, ಶಾಲೆಯ ಹೆಸರು, ಊರು, ದಿನಾಂಕ, ನಿಮ್ಮ ಸಹಿ. ಓದು ಬರಹ ಬಾರದ ತಾಯಿ ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಿದರೂ ಆದೀತು. ಒಂದು ಪ್ರತಿ ಶಿಕ್ಷಕರ ಕೈಗೆ. ಇನ್ನೊಂದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ, ಅದರ ಝೆರಾಕ್ಸನ್ನೂ ಅವರಿಗೆ ಮುಟ್ಟಿಸಿ. ಆ ಕಚೇರಿಗೆ ಶಿಕ್ಷಕರ ಮೇಲೆ ದೂರು ಬರುವುದು ಹೊಸದಲ್ಲ, ಇಂಥ ಕಾಗದ ಬರುವುದು ಅಪರೂಪ. ಪ್ರಶಸ್ತಿಗೆ ಅರ್ಜಿ ಹಾಕುವಾಗ, ಯಾರೋ ಸುಳ್ಳು ದೂರು ಕೊಟ್ಟಾಗ, ಮುದ್ರೆ ಬಿದ್ದ ಆ ಒಂದು ಹಾಳೆಯನ್ನು ಅವರು ಮುಂದಿಡಬಹುದು. ಅಡುಗೆಯವರ ಹೆಸರಿನಲ್ಲೂ ಒಂದು ಬರೆಯಿರಿ. ಅದು ಬಿಇಒ ಕಚೇರಿಯಲ್ಲಲ್ಲ, ತಾಲ್ಲೂಕು ಪಂಚಾಯಿತಿಯಲ್ಲಿರುವ, ಬಿಸಿಯೂಟ ನೋಡಿಕೊಳ್ಳುವ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರ ಹೆಸರಿಗೆ ಹೋಗಬೇಕು.